ಪದ ಬೇಕು (ತುರ್ತು): ಚರ್ಮದ ‘ಕೊರೋಷನ್’

ಬಲ್ಲವರಿಗೆ ನಮಸ್ಕಾರ. ರಾಸಾಯನಿಕಗಳು ಚರ್ಮವನ್ನು ಕೊರೋಡ್ ಮಾಡುತ್ತವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದ ಕೈಪಿಡಿ ಅನುವಾದ ಆಗುತ್ತಿದೆ, ನಾಳೆ ಬೆಳಿಗ್ಗೆ ಅಚ್ಚಿಗೆ. ಬಾಗಿಲಿನ ಎಚ್ಚರಿಕೆ ಫಲಕಕ್ಕೊಂದು ಪದ ಬೇಕು, ಒಳಪುಟಗಳಿಗೊಂದು. ನಿಘಂಟಿನಲ್ಲಿ ಸಿಕ್ಕಿದ್ದು: ಸಂಕ್ಷಾರಕ, ನಾಶಕಾರಿ, ಕ್ಷಯಕಾರಿ. ‘ಇರಿಟೇಷನ್’ ಕೂಡ ಅದೇ ಪುಟದಲ್ಲಿ ಬರುತ್ತದೆ, ಎರಡೂ ಬೆರೆಯಕೂಡದು. ಇರಿಟೇಷನ್ ಆದ ಚರ್ಮ ಮತ್ತೆ ಸರಿಹೋಗುತ್ತದೆ. ಕೊರೋಷನ್ ಆದರೆ ಹೊರಚರ್ಮ ದಾಟಿ ಒಳಚರ್ಮದವರೆಗೂ ಸತ್ತಿರುತ್ತದೆ.

ಮರು:
ಕ್ಷಯಕಾರಿ ಬೇಡ. ‘ಚರ್ಮಕ್ಷಯ’ ಅಂದರೆ ಟಿ.ಬಿ. ಸಂಕ್ಷಾರಕ ಇನ್ನೂ ಅಪಾಯ. ಗಂಧಕಾಮ್ಲದ ಬಾಟಲಿಗೆ ಅದನ್ನು ಅಂಟಿಸಿದರೆ ಓದುವವರ ಕಣ್ಣಿಗೆ ಬೀಳುವುದು ‘ಕ್ಷಾರ’. ಆಮ್ಲವನ್ನು ಕ್ಷಾರ ಅಂತ ಓದಿಸುವ ಫಲಕ ಯಾರಿಗೆ ಬೇಕು?

ಮರು:
ಕನ್ನಡದಲ್ಲೇ ಪದ ಇರುವಾಗ ಈ ಪರದಾಟ ಏಕೆ? ಕೊರೆ, ಕೊರೆತ. ‘ಕಡಲ್ಕೊರೆತ’ವನ್ನು ಎಲ್ಲರೂ ಒಪ್ಪಿದ್ದಾರೆ. ‘ಕೊರೋಡ್’ನಲ್ಲಿ ಕುಳಿತಿರುವುದೇ ನಮ್ಮ ‘ಕೊರೆ’, ಕಿವಿಗೊಟ್ಟು ಕೇಳಿ. ಆದರೆ ‘ಚರ್ಮಕೊರೆತ’ ಅರಿಸಮಾಸ. ‘ತೊಗಲ್ಕೊರೆತ’ ಎನ್ನಿ.

ಮರು:
> ‘ಕೊರೋಡ್’ನಲ್ಲಿ ಕುಳಿತಿರುವುದೇ ನಮ್ಮ ‘ಕೊರೆ’

ಇಲ್ಲ. ಲ್ಯಾಟಿನ್ನಿನ ‘ರೋಡೆರೆ’ ಅಂದರೆ ಕಡಿ, ಕುರುಕು. ಇಲಿಗೆ ರೋಡೆಂಟ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮುಂದಿನ ‘ಕೊ’ ಬರೀ ಉಪಸರ್ಗ. ಇನ್ನು ತೊಗಲು ಸತ್ತ ಪ್ರಾಣಿಯದು: ತೊಗಲುಗೊಂಬೆ, ತೊಗಲಿನ ಚೀಲ. ಕೊರೆತ ನಡೆಯುವುದು ಸಭೆಗಳಲ್ಲಿ, ಮೈಕಿನ ಮುಂದೆ.

ಮರು:
ಪದ ಕಟ್ಟುವ ಮೊದಲು ತಟ್ಟೆಯಲ್ಲಿ ಏನು ನಡೆಯುತ್ತದೆ ಅಂತ ನೋಡಿ. ಓಇಸಿಡಿ (ರಾಸಾಯನಿಕಗಳ ಪರೀಕ್ಷೆಗೆ ಮಾರ್ಗಸೂಚಿ ಹೊರಡಿಸುವ ಅಂತರರಾಷ್ಟ್ರೀಯ ಸಂಸ್ಥೆ) ಗೊತ್ತುಮಾಡಿದ 431ನೇ ವಿಧಾನದಲ್ಲಿ ಬಳಸುವುದು ಮನುಷ್ಯನ ಕೋಶಗಳಿಂದ ಬೆಳೆಸಿದ ಹೊರಚರ್ಮ. ಎಪಿಡರ್ಮ್ ಎಂಬ ಸಿದ್ಧ ಮಾದರಿಯಾದರೆ 0.63 ಚದರ ಸೆಂ.ಮೀ. ತುಣುಕಿನ ಮೇಲೆ 50 ಮೈಕ್ರೋಲೀಟರ್ ದ್ರವ ಹಾಕುತ್ತಾರೆ. ಪುಡಿಯಾದರೆ 25 ಮಿ.ಗ್ರಾಂ., ಜೊತೆಗೆ 25 ಮೈಕ್ರೋಲೀಟರ್ ನೀರು, ಏಕೆಂದರೆ ಒಣಪುಡಿ ಅಂಗಾಂಶಕ್ಕೆ ಸರಿಯಾಗಿ ತಾಗುವುದಿಲ್ಲ. ಒಂದು ಜೋಡಿ ತುಣುಕಿಗೆ ಕೋಣೆಯ ಉಷ್ಣತೆಯಲ್ಲಿ 3 ನಿಮಿಷ, ಇನ್ನೊಂದು ಜೋಡಿಗೆ 37 ಡಿಗ್ರಿಯಲ್ಲಿ 60 ನಿಮಿಷ. ಆಮೇಲೆ ಚೆನ್ನಾಗಿ ತೊಳೆದು ಎಂಟಿಟಿ ಎಂಬ ಹಳದಿ ಲವಣದ ದ್ರಾವಣದಲ್ಲಿ 3 ಗಂಟೆ. ಬದುಕಿರುವ ಕೋಶಗಳು ಆ ಹಳದಿ ಲವಣವನ್ನು ನೇರಳೆ ಮಾಡುತ್ತವೆ. ನೇರಳೆಯನ್ನು ಐಸೊಪ್ರೊಪನಾಲ್‌ನಲ್ಲಿ ಇಳಿಸಿಕೊಂಡು 570 ನ್ಯಾನೊಮೀಟರ್ ಸುಮಾರಿಗೆ ಅಳೆಯುತ್ತಾರೆ. ನೀರು ಹಾಕಿದ ತುಣುಕನ್ನು 100 ಅಂತ ಹಿಡಿದರೆ, 3 ನಿಮಿಷಕ್ಕೇ ಉಳಿವು ಶೇ. 50ಕ್ಕಿಂತ ಕೆಳಗಿಳಿದರೆ ಕೊರೋಸಿವ್. ಇಳಿಯದಿದ್ದರೂ 60 ನಿಮಿಷಕ್ಕೆ ಶೇ. 15ಕ್ಕಿಂತ ಕಡಿಮೆಯಾದರೆ ಆಗಲೂ ಕೊರೋಸಿವ್.

ಅಂದರೆ ಇಲ್ಲಿ ಅಳೆಯುವುದು ಸವೆತವನ್ನೂ ಅಲ್ಲ, ಕೊರೆತವನ್ನೂ ಅಲ್ಲ, ಎಷ್ಟು ಕೋಶ ಸತ್ತವು ಎಂಬುದನ್ನು. ನಿಜವಾದ ಕೊರೆತ ಕಾಣುವುದು 435ನೇ ವಿಧಾನದಲ್ಲಿ: ರಾಸಾಯನಿಕ ಪ್ರೋಟೀನ್ ಪೊರೆಯನ್ನು ತೂರಿ ಕೆಳಗಿನ ಸೂಚಕದ ಬಣ್ಣ ಕೆಡಿಸಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ. ಲೋಹದ ಕೊರೋಷನ್ ಮತ್ತೆ ಬೇರೆ. ಅಲ್ಲಿ ಮಿತಿ 55 ಡಿಗ್ರಿಯಲ್ಲಿ ಉಕ್ಕು ಅಥವಾ ಅಲ್ಯೂಮಿನಿಯಂ ವರ್ಷಕ್ಕೆ 6.25 ಮಿ.ಮೀ. ಸವೆಯುವುದು, ಹಾಗಾಗಿ ‘ಸವೆತ’ ಅನ್ನಿ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ ಅಂತ ನಾವೂ ಒಂದಕ್ಕೇ ಜೋತುಬೀಳಬೇಕಿಲ್ಲ. ಚರ್ಮಕ್ಕೆ ನನ್ನ ಮತ ‘ದಾಹಕ’. ರಾಸಾಯನಿಕಗಳ ಲೇಬಲ್ಲಿನ ಎಚ್314 ಎಂಬ ಎಚ್ಚರಿಕೆ ವಾಕ್ಯ ಹೇಳುವುದೂ ಸುಟ್ಟಗಾಯ ಅಂತಲೇ. ಇರಿಟೇಷನ್‌ಗೆ ‘ಕೆರಳಿಕೆ’ ಸಾಕು.

ಇನ್ನೆರಡು ಎಚ್ಚರ. ‘ವಯಬಿಲಿಟಿ’ಯನ್ನು ಜೀವಂತಿಕೆ ಮಾಡಬೇಡಿ, ಅದು ಕವಿತೆಗಿರಲಿ, ‘ಕೋಶಗಳ ಉಳಿವು’ ಎನ್ನಿ. ಕೆಲವು ರಾಸಾಯನಿಕಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ, ಸತ್ತ ತುಣುಕೂ ಬದುಕಿದ್ದಂತೆ ಲೆಕ್ಕ ಸಿಗುತ್ತದೆ. ಅದನ್ನು ಕಳೆಯಲು ಕೋಶಗಳನ್ನು ಮೊದಲೇ ಸಾಯಿಸಿಟ್ಟ ಇನ್ನೊಂದು ತುಣುಕು ಬೇಕು. ಅದಕ್ಕೆ ‘ಸತ್ತ ಅಂಗಾಂಶ’ ಅಂತ ಬರೆದರೆ ರಾಸಾಯನಿಕದಿಂದಲೇ ಸತ್ತದ್ದು ಎಂದಾಗಿಬಿಡುತ್ತದೆ. ‘ಮೊದಲೇ ಕೊಂದ ಅಂಗಾಂಶ’ ಎಂದೇ ಇರಲಿ.

ಮರು:
ದಾಹಕ ಅಂದರೆ ಬೆಂಕಿ ಹತ್ತುವುದು ಅಂದುಕೊಳ್ಳುತ್ತಾರೆ. ಪಕ್ಕದ ಡಬ್ಬದ ಮೇಲೆ ‘ದಹನಶೀಲ’ ಅಂತ ಇರುತ್ತದೆ, ಮುಗಿಯಿತು. ‘ಕೊರೋಸಿವ್’ ಅಂತಲೇ ಬರೆಯಿರಿ. ಆಸಿಡ್ ಅನ್ನುವಾಗ ಯಾರ ಅಪ್ಪಣೆ ಕೇಳಿದಿರಿ?

ಮರು:
ಹೀಗೇ ಬಿಟ್ಟುಕೊಡುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ‘ಮಾಡು’ ಒಂದೇ. ಕೊರೋಡ್ ಮಾಡು, ರಿನ್ಸ್ ಮಾಡು, ಇನ್‌ಕ್ಯುಬೇಟ್ ಮಾಡು. ಸಂಸ್ಕೃತದವರು ನಾಮಪದ ಒಯ್ದರು, ಇಂಗ್ಲಿಷಿನವರು ಕ್ರಿಯಾಪದಕ್ಕೆ ಕೈಹಾಕಿದ್ದಾರೆ.

ಮರು:
‘ಒಯ್ದರು’ ಅಲ್ಲ, ಕೊಟ್ಟರು. ಕೋಶ, ಅಂಗಾಂಶ ಇಲ್ಲದೆ ಮೇಲಿನ ಪತ್ರದ ಒಂದು ವಾಕ್ಯ ಬರೆದು ತೋರಿಸಿ.

ಮರು:
ಎಲ್ಲರಿಗೂ ಕೃತಜ್ಞತೆ. ಕಳಿಸಿಬಿಟ್ಟೆ. ಫಲಕಕ್ಕೆ ‘ತಾಗಿದರೆ ಚರ್ಮ ಸುಡುತ್ತದೆ’. ‘ತಾಗಿದರೆ’ ಇರುವುದರಿಂದ ಬೆಂಕಿಯ ಗೊಂದಲ ಇಲ್ಲ. ಒಳಗೆ ‘ಚರ್ಮದಾಹಕ’, ಮೊದಲ ಸಲ ಬಂದಲ್ಲಿ ‘ಮತ್ತೆ ಸರಿಹೋಗದ ಹಾನಿ’ ಎಂಬ ವಿವರಣೆಯೊಂದಿಗೆ. ಲೋಹಕ್ಕೆ ‘ಸವೆತ’. 435ಕ್ಕೆ ‘ತಡೆಪೊರೆ ಕೊರೆತ’.

ಮರು:
ತಡೆಪೊರೆ ಕೊರೆತ ಅಚ್ಚಗನ್ನಡ. ಮಿಕ್ಕದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.