ಮೊದಲ ಸೈನ್ಸ್ ಫಿಕ್ಷನ್ ಕಾದಂಬರಿ: 60ನೇ ಪುಟ ಯಾರೂ ದಾಟ್ತಿಲ್ಲ, ಏನ್ ಮಾಡ್ಲಿ?

ಒಂಟಿನೌಕೆ:
ಎಲ್ರಿಗೂ ನಮಸ್ಕಾರ. ಮೂರು ವರ್ಷ ಕೂತು ಒಂದು ಸೈನ್ಸ್ ಫಿಕ್ಷನ್ ಕಾದಂಬರಿ ಬರ್ದು ಮುಗಿಸಿದೀನಿ, ಇದೇ ಮೊದಲನೇದು, ಇದಕ್ಕೂ ಮುಂಚೆ ನಾಲ್ಕೈದು ಸಣ್ಣ ಕತೆ ಬಿಟ್ರೆ ಏನೂ ಬರ್ದಿಲ್ಲ. ಕತೆ ಇಷ್ಟೇ: ಸೂರ್ಯನಿಗೆ ಅತೀ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಕಡೆ ಹೊರಟಿರೋ ನೌಕೆ, ದೂರ 4.24 ಜ್ಯೋತಿರ್ವರ್ಷ, ವೇಗ ಬೆಳಕಿನ ವೇಗದ ಹತ್ತರಲ್ಲೊಂದು ಪಾಲು, ಅಂದ್ರೆ ಸುಮಾರು 42 ವರ್ಷದ ಪ್ರಯಾಣ. 22ನೇ ವಯಸ್ಸಲ್ಲಿ ಹತ್ತಿದ ಹುಡುಗಿ ಇಳಿಯೋ ಹೊತ್ತಿಗೆ ಅಜ್ಜಿ. ಗುರುತ್ವ ಇರ್ಲಿ ಅಂತ 30 ಮೀಟರ್ ತ್ರಿಜ್ಯದ ತಿರುಗೋ ರಿಂಗ್ ಇಟ್ಟಿದೀನಿ.

ಐದು ಜನಕ್ಕೆ ಓದಕ್ಕೆ ಕೊಟ್ಟೆ. ನಾಲ್ಕು ಜನ "ಚೆನ್ನಾಗಿದೆ, ಬಿಡುವಾದಾಗ ಮುಂದಕ್ಕೆ ಓದ್ತೀನಿ" ಅಂದ್ರು, ಆ ಬಿಡುವು ಇನ್ನೂ ಬಂದಿಲ್ಲ. ಐದನೆಯವಳು ನಮ್ಮಕ್ಕ, ಅವಳಿಗೆ ಮುಲಾಜಿಲ್ಲ, "ಇದೇನೋ ಫಿಸಿಕ್ಸ್ ಗೈಡಾ" ಅಂದ್ಬಿಟ್ಲು. ಮೊದಲ 60 ಪುಟ ನೌಕೆ ಹೇಗೆ ಓಡತ್ತೆ, ಗಾಳಿ ನೀರು ಹೇಗೆ ಮರುಬಳಕೆ ಆಗತ್ತೆ, ಎಲ್ಲಾ ವಿವರವಾಗಿ ಇದೆ, ಅದನ್ನ ಸಂಪಾದಿಸಕ್ಕೇ ಒಂದು ವರ್ಷ ಹಿಡೀತು ಸ್ವಾಮಿ, ತೆಗೆಯೋಕೆ ಮನಸ್ಸು ಬರ್ತಿಲ್ಲ. ಅಕ್ಕ ಹೇಗೋ 14ನೇ ಅಧ್ಯಾಯದ ತನಕ ಹೋದ್ಲು, ನೌಕೆ ಹೊರಟು 20ನೇ ವರ್ಷ, ಅಮ್ಮನ 70ನೇ ಹುಟ್ಟುಹಬ್ಬಕ್ಕೆ ನಾಯಕಿ ಭೂಮಿಗೆ ವಿಡಿಯೋ ಕಾಲ್ ಮಾಡ್ತಾಳೆ, ಅಲ್ಲಿ ಮಾತ್ರ ಅತ್ಲು.

ಪ್ರಶ್ನೆ: ವಿಜ್ಞಾನ ಕತ್ತರಿಸ್ಲಾ? ಪ್ರಕಾಶಕರಿಗೆ ಕಳಿಸ್ಲಾ, ನಾನೇ ಪ್ರಿಂಟ್ ಹಾಕಿಸ್ಲಾ, ಇಲ್ಲಾ ಆನ್‌ಲೈನಲ್ಲಿ ಧಾರಾವಾಹಿ ಥರ ಬಿಡ್ಲಾ?

ರಾತ್ರಿಪಾಳಿ:
ನಿಮ್ಮಕ್ಕ ಅತ್ತ ಸೀನೇ ತಪ್ಪು, ಬೇಜಾರು ಮಾಡ್ಕೋಬೇಡಿ 😄 20ನೇ ವರ್ಷಕ್ಕೆ ನೌಕೆ ಎರಡು ಜ್ಯೋತಿರ್ವರ್ಷ ದೂರ ಇರತ್ತೆ. ಇವಳು "ಹಲೋ ಅಮ್ಮ" ಅಂದಿದ್ದು ಅಲ್ಲಿಗೆ ಮುಟ್ಟೋಕೇ ಎರಡು ವರ್ಷ. ಅಮ್ಮ ಆ ಕ್ಷಣಕ್ಕೇ ಉತ್ತರ ಕೊಟ್ರೂ ಅಷ್ಟರಲ್ಲಿ ನೌಕೆ ಇನ್ನೂ ಮುಂದೆ ಹೋಗಿರತ್ತಲ್ಲ, ಆ ಉತ್ತರ ನೌಕೆನ ಬೆನ್ನಟ್ಕೊಂಡು ಬರ್ಬೇಕು, ಲೆಕ್ಕ ಹಾಕಿದ್ರೆ ಇವಳ ಕೈಗೆ ಸಿಗೋದು ಸುಮಾರು 24.4ನೇ ವರ್ಷಕ್ಕೆ. ಅಂದ್ರೆ 70ಕ್ಕೆ ಹೇಳಿದ ಶುಭಾಶಯ ಅಮ್ಮಂಗೆ 72ಕ್ಕೆ ತಲುಪತ್ತೆ, "ಥ್ಯಾಂಕ್ಸ್ ಮಗಾ" ಅನ್ನೋದು ಮಗಳಿಗೆ ಕೇಳೋ ಹೊತ್ತಿಗೆ ಅಮ್ಮಂಗೆ 74, ಬದುಕಿದ್ರೆ.

ಈಗ ನೋಡಿ, 60 ಪುಟ ವಿಜ್ಞಾನ ಹೇಳಿ ಎಲ್ಲಿ ಬೇಕೋ ಅಲ್ಲೇ ನೀವೇ ಅದನ್ನ ಮರ್ತಿದೀರಿ. ಯಾಕಂದ್ರೆ ಆ 60 ಪುಟದ ವಿಜ್ಞಾನದಿಂದ ಯಾರಿಗೂ ಏನೂ ಆಗ್ತಿಲ್ಲ, ಸುಮ್ನೆ ಗೋಡೆಗೆ ಅಂಟಿಸಿದ ಚಾರ್ಟ್ ಥರ ಇದೆ. ಕತ್ತರಿಸೋದಾ ಬೇಡ್ವಾ ಅನ್ನೋದಕ್ಕಿಂತ ಅದು ಯಾರ ಮೈಗೆ ತಾಗತ್ತೆ ಅಂತ ನೋಡಿ. ಬೆಳಕಿನ ವೇಗದ ಬಗ್ಗೆ ನೀವು ಎರಡು ಪುಟ ಬರ್ದಿರ್ತೀರಿ ಅನ್ಸತ್ತೆ, ಅದೆಲ್ಲ ತೆಗೆದು ಹಿಂಗೆ ಬರೆದ್ರೆ:

"ಅಮ್ಮನ ಕಾಗದ ಬಂದಿತ್ತು. ಕಳಿಸಿ ಎರಡೂವರೆ ವರ್ಷವಾಗಿತ್ತು. ತೆರೆಯೋ ಮುಂಚೆ ಅವಳು ಎಂದಿನಂತೆ ಲೆಕ್ಕ ಹಾಕಿದಳು: ಇದ್ದರೆ ಈಗ ಎಪ್ಪತ್ನಾಲ್ಕು."

ಆ "ಇದ್ದರೆ"ಯಲ್ಲಿ ನಿಮ್ಮ ಫಿಸಿಕ್ಸ್ ಎಲ್ಲಾ ಬಂತು. ಓದೋನಿಗೆ ಸೂತ್ರ ಬೇಕಿಲ್ಲ.

ರಿಂಗ್ ಕೂಡ ಸರಿ ಮಾಡ್ಕೊಳಿ. 30 ಮೀಟರ್ ತ್ರಿಜ್ಯದಲ್ಲಿ ಭೂಮಿಯಷ್ಟು ಗುರುತ್ವ ಬರ್ಬೇಕಂದ್ರೆ ನಿಮಿಷಕ್ಕೆ ಐದೂವರೆ ಸುತ್ತು ತಿರುಗ್ಬೇಕು, ಆ ಸ್ಪೀಡಲ್ಲಿ ಕತ್ತು ಹೊರಳಿಸಿದ್ರೂ ತಲೆ ಸುತ್ತಿ ವಾಂತಿ ಬರತ್ತೆ. ನಿಮಿಷಕ್ಕೆ ಎರಡು ಸುತ್ತಿಗೆ ಇಳಿಸಿದ್ರೆ ಆರಾಮ, ಆದ್ರೆ ತ್ರಿಜ್ಯ 224 ಮೀಟರ್ ಆಗ್ಬೇಕಾಗತ್ತೆ.

ಲೆಕ್ಕದಹುಳ:
ಮೇಲಿನವರ ಮಾತು ಅರ್ಧ ಒಪ್ತೀನಿ. ಎಲ್ಲಾ ತೆಗೆದ್ಹಾಕಿ ಬರೀ ಅಮ್ಮ ಮಗಳ ಕಣ್ಣೀರು ಇಟ್ರೆ ನಮ್ಮಂಥೋರು ಯಾಕೆ ಓದ್ಬೇಕು, ನಮಗೆ ನೀರು ಹೇಗೆ ಮರುಬಳಕೆ ಆಗತ್ತೆ ಅನ್ನೋದೇ ಮಜಾ. ಒಂದ್ಸಲ ಅದು ಕೆಟ್ಟೋಗ್ಲಿ, ಆಗ ಎಷ್ಟು ಪುಟ ಬೇಕಾದ್ರೂ ಬರೀರಿ, ಉಸಿರು ಬಿಗಿಹಿಡಿದು ಓದ್ತೀವಿ.

ಇನ್ನೊಂದು, ನೌಕೇಲಿ ವಯಸ್ಸು ನಿಧಾನ ಆಗತ್ತೆ ಅಂತ ಏನಾದ್ರೂ ಬರೆದಿದ್ರೆ ಎಚ್ಚರ. ಆ ವೇಗದಲ್ಲಿ 42 ವರ್ಷಕ್ಕೆ ಬರೋ ವ್ಯತ್ಯಾಸ ಎರಡೂವರೆ ತಿಂಗಳು ಅಷ್ಟೆ.

ಕರಡುತಿದ್ದು:
ಪ್ರಕಟಣೆ ವಿಷ್ಯ ನಾನು ಹೇಳ್ತೀನಿ, ಬೇರೆಯವರ ಹಸ್ತಪ್ರತಿ ತಿದ್ದೋದೇ ನನ್ನ ಕೆಲ್ಸ.

ಮೊದಲು, ಓದಿದವರನ್ನ "ಹೇಗಿದೆ" ಅಂತ ಕೇಳ್ಬೇಡಿ, ಎಲ್ರೂ ಚೆನ್ನಾಗಿದೆ ಅಂತಾರೆ. "ಎಲ್ಲಿ ಕೆಳಗಿಟ್ರಿ" ಅಂತ ಕೇಳಿ. ಪುಟದ ನಂಬರ್ ಹೇಳಕ್ಕೆ ಯಾರಿಗೂ ಸಂಕೋಚ ಇರಲ್ಲ, ಮೂರು ಜನ ಒಂದೇ ಪುಟ ಹೇಳಿದ್ರೆ ಕಾಯಿಲೆ ಅಲ್ಲೇ ಇದೆ, ಅಥವಾ ಅದಕ್ಕೆ ಎರಡು ಪುಟ ಹಿಂದೆ.

ಪ್ರಕಾಶಕರಿಗೆ ಕಳಿಸೋದಾದ್ರೆ ಪೂರ್ತಿ ಮುಗಿದ, ತಿದ್ದಿದ ಪ್ರತಿ ಇರ್ಬೇಕು, ಹೊಸಬರ ಅರ್ಧ ಕಾದಂಬರಿನ ಯಾರೂ ಮೂಸಲ್ಲ. ಜೊತೆಗೆ ಒಂದು ಪುಟದ ಸಾರಾಂಶ, ಅದರಲ್ಲಿ ಕೊನೆ ಏನಾಗತ್ತೆ ಅಂತಾನೂ ಹೇಳಿ, "ಮುಂದೇನಾಯ್ತು ಓದಿ ನೋಡಿ" ಅನ್ನೋ ಸಸ್ಪೆನ್ಸ್ ಅಲ್ಲಿ ಬೇಡ. ಉತ್ತರಕ್ಕೆ ತಿಂಗಳುಗಟ್ಟಲೆ ಆಗತ್ತೆ, ಕಾಯ್ತಾ ಕೂರದೆ ಮುಂದಿನದು ಶುರು ಮಾಡಿ. ಉದ್ದದ ಬಗ್ಗೆ ತಲೆ ಕೆಡಿಸ್ಕೋಬೇಡಿ, ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಪ್ರಶಸ್ತಿಯವರು 40,000 ಪದ ಆದ್ರೆ ಕಾದಂಬರಿ ಅಂತಾರೆ, ಅದು ಇಂಗ್ಲಿಷ್ ಲೆಕ್ಕ, ನಮ್ಮಲ್ಲಿ "ಹೋಗಬೇಕಾಗಿತ್ತು" ಅನ್ನೋದು ಒಂದೇ ಪದ ಅಲ್ವಾ.

ಧಾರಾವಾಹಿ ಬಿಡೋ ಮುಂಚೆ ಯೋಚನೆ ಮಾಡಿ. ಆನ್‌ಲೈನಲ್ಲಿ ಹಾಕಿದ್ದನ್ನ ಸುಮಾರು ಪ್ರಕಾಶಕರು ಆಗ್ಲೇ ಪ್ರಕಟ ಆಗಿದೆ ಅಂತ ಲೆಕ್ಕ ಹಿಡೀತಾರೆ.

ಹಳೇಪೆನ್ನು:
@ಕರಡುತಿದ್ದು ಅದಕ್ಕೆ ಉಲ್ಟಾ ಉದಾಹರಣೆನೂ ಇದೆಯಲ್ಲ ಸರ್. ಅಮೆರಿಕದ ಲೇಖಕ ಆಂಡಿ ವಿಯರ್, ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಹಾಕ್ಕೊಂಡೋನ ಕತೆ 'ದಿ ಮಾರ್ಷಿಯನ್' ಅನ್ನ ಮೊದಲು ತನ್ನ ವೆಬ್‌ಸೈಟಲ್ಲೇ ಅಧ್ಯಾಯ ಅಧ್ಯಾಯವಾಗಿ ಬಿಟ್ಟಿದ್ದು, ಓದೋರೇ ಲೆಕ್ಕದ ತಪ್ಪು ಹಿಡಿದು ಬರೀತಿದ್ರಂತೆ. 2011ರಲ್ಲಿ ತಾನೇ ಕಿಂಡಲ್‌ಗೆ ಹಾಕ್ದ, 2014ರಲ್ಲಿ ದೊಡ್ಡ ಪ್ರಕಾಶನದಿಂದ ಬಂತು. ಇನ್ನೂ ಮಜಾ ಅಂದ್ರೆ ಕತೆ ಶುರುವಾಗೋ ಬಿರುಗಾಳಿನೇ ಸುಳ್ಳು, ಮಂಗಳದ ಗಾಳಿ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ, ಅಲ್ಲಿ ಎಂಥ ಗಾಳಿ ಬೀಸಿದ್ರೂ ನೌಕೆ ಉರುಳಲ್ಲ. ಅದು ಅವನಿಗೂ ಗೊತ್ತಿತ್ತು, ಕತೆಗೆ ಬೇಕು ಅಂತ ಇಟ್ಕೊಂಡ. ಹಾಗಾಗಿ ಒಂದು ಸುಳ್ಳಿಗೆ ಮಾಫಿ ಇದೆ ಅಂತ ನನ್ನ ಲೆಕ್ಕ, ಆದ್ರೆ ಗೊತ್ತಿದ್ದು ಹೇಳ್ಬೇಕು, ಮರೆತು ಅಲ್ಲ.

ನಂದು ಕೇಳಿ. ಮೊದಲ ಪುಸ್ತಕಕ್ಕೆ ಒಬ್ರು ಪ್ರಕಾಶಕರು "ಖರ್ಚು ನಿಮ್ಮದು, ಮಾರೋದು ನಮ್ಮದು" ಅಂದ್ರು, ನಾನು ಖುಷೀಲಿ ದುಡ್ಡು ಕಟ್ಟಿದೆ. ಡಬ್ಬಗಳು ಮನೆಗೆ ಬಂದ್ವು, ಈಗ್ಲೂ ಮಂಚದ ಕೆಳಗಿವೆ, ಕಸ ಗುಡಿಸೋವಾಗೆಲ್ಲ ಪೊರಕೆ ತಾಗತ್ತೆ. ದುಡ್ಡು ಅವರಿಂದ ನಿಮಗೆ ಬರ್ಬೇಕು, ನಿಮ್ಮಿಂದ ಅವರಿಗೆ ಹೋಗ್ತಿದೆ ಅಂದ್ರೆ ಅದು ಪ್ರಿಂಟಿಂಗ್ ಪ್ರೆಸ್ಸು, ಪ್ರಕಾಶನ ಅಲ್ಲ. ಹಂಗೆ ದುಡ್ಡು ಹಾಕೋದಾದ್ರೆ ನೀವೇ ಹಾಕ್ಕೊಳಿ, ಮುಖಪುಟಕ್ಕೂ ಕರಡು ತಿದ್ದೋರಿಗೂ ಖರ್ಚು ಮಾಡಿ, ಹಕ್ಕಾದ್ರೂ ನಿಮ್ಮ ಹತ್ರ ಇರತ್ತೆ. ಒಪ್ಪಂದದಲ್ಲಿ ಆಡಿಯೋ, ಅನುವಾದ, ಸಿನಿಮಾ ಹಕ್ಕು ಯಾರಿಗೆ ಹೋಗತ್ತೆ, ಪ್ರತಿ ಮುಗಿದು ಮರುಮುದ್ರಣ ಆಗ್ದಿದ್ರೆ ಹಕ್ಕು ನಿಮಗೆ ಯಾವಾಗ ವಾಪಸ್ ಬರತ್ತೆ, ಇಷ್ಟು ಓದ್ದೆ ಸೈನ್ ಹಾಕ್ಬೇಡಿ. ನಾನು ಓದಿರ್ಲಿಲ್ಲ.

ಒಂಟಿನೌಕೆ:
ಎಲ್ರಿಗೂ ಥ್ಯಾಂಕ್ಸ್. @ರಾತ್ರಿಪಾಳಿ ಮೊದಲು ಕೋಪ ಬಂತು, ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ, 24.4 ಸರಿ ಇದೆ. ವಿಡಿಯೋ ಕಾಲ್ ತೆಗೆದ್ಬಿಟ್ಟೆ, ಈಗ ಅಮ್ಮನ ಕಾಗದಗಳು ಅಂತ ಒಂದು ಎಳೆ ಬಂದಿದೆ, ಕಾಗದದಿಂದ ಕಾಗದಕ್ಕೆ ಅಂತರ ಜಾಸ್ತಿ ಆಗ್ತಾ ಹೋಗತ್ತೆ. ನೀರಿನ ಪುಟಗಳನ್ನ @ಲೆಕ್ಕದಹುಳ ಹೇಳಿದ ಹಾಗೆ 9ನೇ ಅಧ್ಯಾಯಕ್ಕೆ ಎತ್ತಿಟ್ಟೆ, ಅಲ್ಲಿ ಪಂಪ್ ಕೆಡತ್ತೆ. ಮೊದಲ ಭಾಗ 60ರಿಂದ 22 ಪುಟಕ್ಕೆ ಇಳೀತು. ಇನ್ನೊಂದು ಸಲ ಪೂರ್ತಿ ತಿದ್ದಿ ಮೂರು ಪ್ರಕಾಶಕರಿಗೆ ಕಳಿಸ್ತೀನಿ, ಧಾರಾವಾಹಿ ಸದ್ಯಕ್ಕೆ ಬೇಡ.

ಒಂದೇ ಹೊಸ ತಲೆನೋವು. ರಿಂಗ್ ತ್ರಿಜ್ಯ 224 ಮೀಟರ್ ಮಾಡಿದೆ, ಸುತ್ತಳತೆ 1,400 ಮೀಟರ್ ಆಯ್ತು. 3ನೇ ಅಧ್ಯಾಯದಲ್ಲಿ ನಾಯಕಿ ಓಡ್ಕೊಂಡು ರಿಂಗನ್ನ 40 ಸೆಕೆಂಡಲ್ಲಿ ಒಂದು ಸುತ್ತು ಹಾಕ್ತಾಳೆ ಅಂತ ಬರ್ದಿದ್ದೆ, ಹಾಗೇ ಉಳಿದಿದೆ, ಈಗ ಅವಳು ಗಂಟೆಗೆ 126 ಕಿಲೋಮೀಟರ್ ವೇಗದಲ್ಲಿ ಓಡ್ತಿದಾಳೆ.