ಪದಚರ್ಚೆ: ಐಸಿಯು ಬಾಗಿಲಿನ ಫಲಕಕ್ಕೆ ‘ಇಂಟರ್‌ಫಿಯರೆನ್ಸ್’

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಆಸ್ಪತ್ರೆಗೆ ಫಲಕ ಬರೆದುಕೊಡಬೇಕು, ನಾಳೆ ಬೆಳಗ್ಗೆ ಪೇಂಟರ್ ಕೈಗೆ ಹೋಗುತ್ತೆ. ಮೊಬೈಲಿನ ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಟರ್‌ಫಿಯರೆನ್ಸ್, ಅಂದರೆ ಅದರ ಅಲೆಗಳು ಹತ್ತಿರದ ಯಂತ್ರಗಳ ಕೆಲಸ ಕೆಡಿಸುವುದರ ಬಗ್ಗೆ ಎಚ್ಚರಿಕೆ. ‘ವಿದ್ಯುತ್ಕಾಂತೀಯ ಹಸ್ತಕ್ಷೇಪ’ ಅಂತ ಬರೆದೆ, ಮನಸ್ಸು ಒಪ್ಪುತ್ತಿಲ್ಲ. ‘ವಿಕಿರಣ’ ಸೇರಿಸಲೇ?
— ಮಂಡ್ಯ

ಹಸ್ತಕ್ಷೇಪ ಬೇಡ. ಪಿಯುಸಿ ಭೌತಶಾಸ್ತ್ರದಲ್ಲಿ ‘ವ್ಯತಿಕರಣ’ ಇದೆ. ಅದನ್ನೇ ಹಾಕಿ, ಮುಗಿಯಿತು.
— ಕುವೆಂಪುನಗರ

ಮುಗಿಯಲಿಲ್ಲ ಮೇಷ್ಟ್ರೇ. ವ್ಯತಿಕರಣ ಅಂದರೆ ಎರಡು ಅಲೆ ಒಂದರ ಮೇಲೊಂದು ಬಿದ್ದು ಹಿಗ್ಗುವುದು, ಕುಗ್ಗುವುದು. ಇಲ್ಲಿ ಇಸಿಜಿಯ ತಂತಿಯೇ ಆಂಟೆನಾ ಆಗಿ ಫೋನಿನ ಅಲೆಯನ್ನು ಒಳಗೆಳೆದುಕೊಂಡು ಎದೆಬಡಿತದ ಗೆರೆ ಕೆಡುತ್ತೆ. ಹಳೇ ಟೂಜಿ ಫೋನು ರಿಂಗಾಗುವ ಮುಂಚೆ ಸ್ಪೀಕರು ಗರಗರ ಅನ್ನುತ್ತಿತ್ತಲ್ಲ, ಅದೂ ಇದೇ ಜಾತಿ: ಆ ಫೋನು ಸೆಕೆಂಡಿಗೆ 217 ಸಲ ಬಿಟ್ಟುಬಿಟ್ಟು ಅಲೆ ಸೂಸುತ್ತಿತ್ತು. ಇದಕ್ಕೆ ‘ಅಡಚಣೆ’ ಸಾಕು.

‘ವಿಕಿರಣ’ ಶಾಸ್ತ್ರದಲ್ಲಿ ಸರಿ, ಬಾಗಿಲ ಮೇಲೆ ಬೇಡವೇ ಬೇಡ. ಓದಿದವರಿಗೆ ಎಕ್ಸ್‌ರೇ ನೆನಪಾಗುತ್ತೆ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಕಸುವು ಎಕ್ಸ್‌ರೇಗೆ ಇದೆ, ಮೊಬೈಲಿನ ಅಲೆಗಿಲ್ಲ. ಮನುಷ್ಯರ ಮೈಗೆ ಬೇರೆ ಮಿತಿಗಳಿವೆ. ಯಂತ್ರದ ವಿಷಯದಲ್ಲಿ ಲೆಕ್ಕಕ್ಕೆ ಬರೋದು ದೂರ. ಎಲ್ಲೋ ಇರುವ ಟವರಿಗಿಂತ ಮಂಚದ ಮೇಲಿಟ್ಟ ಫೋನೇ ಹೆಚ್ಚು ತೊಂದರೆ ಕೊಡುತ್ತೆ. ಸಿಗ್ನಲ್ ಕಮ್ಮಿಯಿದ್ದರೆ ಅದು ಇನ್ನೂ ಜೋರಾಗಿ ಸೂಸುತ್ತೆ. ಪೇಸ್‌ಮೇಕರ್ ಇರುವವರಿಗೆ ಫೋನನ್ನು ಎದೆಯಿಂದ ಅರ್ಧ ಅಡಿ ದೂರ ಇಡಿ ಅನ್ನೋದೂ ಇದಕ್ಕೇ.
— ಸರಸ್ವತಿಪುರಂ

ವಿದ್ಯುತ್ಕಾಂತೀಯದ ಮಾತನ್ನೇ ಯಾರೂ ಎತ್ತಲಿಲ್ಲ. ಅಯಸ್ಕಾಂತ ಅಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ‘ಅಯಸ್’ ಕಿತ್ತು ‘ವಿದ್ಯುತ್’ ಕೂರಿಸಿದರೆ ಉಳಿಯುವುದು ಮಿಂಚಿನ ಗಂಡ! ಕನ್ನಡಕ್ಕೆ ಸೂಜಿಗಲ್ಲು ಇರುವಾಗ ಈ ಎರವಲು ಯಾಕೆ? ಮಿಂಚು, ಸೆಳೆತ ಎರಡನ್ನೂ ಕೂಡಿಸಿ ‘ಮಿನ್ಸೆಳೆ ತೊಡಕು’ ಅನ್ನಿ.
— ಶ್ರೀರಂಗಪಟ್ಟಣ

ಮಳವಳ್ಳಿಯಿಂದ ಮಗನನ್ನು ನೋಡಲು ಬಂದ ತಾಯಿ ಆ ಬಾಗಿಲಲ್ಲಿ ನಿಂತು ‘ಮಿನ್ಸೆಳೆ’ ಓದಿ ಏನು ಮಾಡಬೇಕು ಸ್ವಾಮಿ? ‘ಆಸ್ಪತ್ರೆ’ಯೂ ಕಡಲಾಚೆಯಿಂದ ಬಂದ ಪದವೇ, ಅದನ್ನೂ ಅಳಿಸೋಣವೇ? ಮಂಡ್ಯದವರು ಹೀಗೆ ಬರೆಸಲಿ: ‘ಮೊಬೈಲ್ ಆಫ್ ಮಾಡಿ. ಅದರ ಅಲೆಗಳಿಂದ ರೋಗಿಯ ಯಂತ್ರಗಳಿಗೆ ಅಡಚಣೆ ಆಗಬಹುದು.’
— ಸರಸ್ವತಿಪುರಂ

‘ಆಫ್ ಮಾಡಿ’ ಯಾಕೆ? ‘ಆರಿಸಿ’ ಇಲ್ಲವೇ?
— ಶ್ರೀರಂಗಪಟ್ಟಣ

‘ಮೊಬೈಲ್ ಆರಿಸಿ’ ಅಂದರೆ ಅಂಗಡಿಯಲ್ಲಿ ಹೊಸದನ್ನು ಆಯ್ದುಕೊಳ್ಳಿ ಅಂತಲೂ ಆಗುತ್ತೆ. ‘ಆಫ್’ ಇರಲಿ.
— ಕುವೆಂಪುನಗರ