ಎತ್ತರಿಸಿದ ಮೇಲೆ ಕಾರು ಓಲಾಡುತ್ತಿದೆ: ಸಸ್ಪೆನ್ಷನ್ ಬಗ್ಗೆ ಸಲಹೆ ಬೇಕು

ಗುಂಪಿನ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ವಾರಕ್ಕೆರಡು ಸಲ ಹೋಗಿಬರುವ ನನಗೆ ಕಾರಿನ ಸಸ್ಪೆನ್ಷನ್ (ರಸ್ತೆಯ ಹೊಡೆತ ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ವ್ಯವಸ್ಥೆ) ಕುರಿತು ಅನುಭವಸ್ಥರ ಸಲಹೆ ಬೇಕಾಗಿದೆ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಒಳರಸ್ತೆಗಳ ಡಾಂಬರು ಏರುಪೇರಾಗುತ್ತದೆ. ಹಂಪ್‌ಗಳಿಗೆ ಕಾರಿನ ತಳ ತಾಗುತ್ತಿದ್ದ ಕಾರಣ, ಎರಡು ತಿಂಗಳ ಹಿಂದೆ ನಾಲ್ಕೂ ಸ್ಪ್ರಿಂಗ್‌ಗಳ ಸುರುಳಿಗಳ ನಡುವೆ ರಬ್ಬರ್ ಬಫರ್ ಹಾಕಿಸಿ ಸುಮಾರು 20 ಮಿ.ಮೀ. ಎತ್ತರಿಸಿದೆ.

ತಳ ತಾಗುವುದು ನಿಂತಿತು. ಆದರೆ ಬಫರ್ ಕೂತ ಕಡೆ ಸುರುಳಿ ಕುಗ್ಗಲಾರದೆ ಸ್ಪ್ರಿಂಗ್ ಗಡುಸಾಗಿ, ಸಣ್ಣ ಗುಂಡಿಯ ಹೊಡೆತವೂ ನೇರವಾಗಿ ಸೀಟಿಗೆ ಬರುತ್ತಿದೆ. ಹಿಂದೆ ಕೂರುವ ನಮ್ಮ ತಾಯಿಯವರಿಗೆ ಸೊಂಟನೋವಿದೆ, ನನ್ನ ದೊಡ್ಡ ಚಿಂತೆ ಅದೇ. ಗುರುತ್ವಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ಹೊರಬದಿಯ ಚಕ್ರಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ, ನಿಜ. ಆದರೆ ಸ್ಪ್ರಿಂಗ್ ಗಡುಸಾದಾಗ ವಾಲುವುದು ಕಡಿಮೆಯಾಗಬೇಕಿತ್ತಲ್ಲವೇ? ನನ್ನ ಕಾರು ತಿರುವು ಮುಗಿದ ಮೇಲೂ ಎರಡು ಮೂರು ಸಲ ಓಲಾಡಿಯೇ ನಿಲ್ಲುತ್ತದೆ. 80,000 ಕಿ.ಮೀ. ಓಡಿದ ಶಾಕ್ ಅಬ್ಸಾರ್ಬರ್‌ಗಳು ಈ ಪುಟಿತವನ್ನು ತಡೆಯಲಾರದೆ ಹೋಗಿವೆ ಎಂಬುದು ನನ್ನ ಅನುಮಾನ.

ಬಫರ್ ತೆಗೆಸಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುವುದು ಒಳ್ಳೆಯದೋ, ಅಥವಾ ಎತ್ತರವನ್ನು ಹಾಗೆಯೇ ಉಳಿಸಿಕೊಂಡು ವೀಲ್ ಅಲೈನ್‌ಮೆಂಟ್ ಮಾಡಿಸಿ ನೋಡುವುದೋ? ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಬದಲಾಗುತ್ತವೆ. ಬಫರ್ ಹಾಕಿಸಿದಾಗ ನಾನು ಅಲೈನ್‌ಮೆಂಟ್ ಮಾಡಿಸಲಿಲ್ಲ. ಕಲಬುರಗಿಯಲ್ಲಿ ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿಸುತ್ತೇನೆ.